ಜೋಸೆಫ್ ಲಿಸ್ಟರ್ ಎಂಬ ಶಸ್ತ್ರವೈದ್ಯನ ಚರಿತ್ರೆ

ಕೈಗೆ ಕುಡುಗೋಲು ತಗಲಿದರೆ ಆ ಗಾಯವನ್ನು ಶುದ್ಧವಾದ ನೀರಿನಿಂದ ತೊಳೆದು ಒಗೆದ ಬಟ್ಟೆಯಿಂದ ಕಟ್ಟಬೇಕೆಂದು ಈಗ ಶಾಲೆಯ ಮಕ್ಕಳೂ ಬಲ್ಲರು. ವೈದ್ಯನೂ ದಾದಿಯೂ ರೋಗಿಯ ಗಾಯವನ್ನು ಮುಟ್ಟುವದಕ್ಕೆ ಮುಂಚೆ ಕೈತೊಳೆಯುವದನ್ನು ಆಸ್ಪತ್ರೆಗೆ ಹೋದವರು ಕಂಡಿರುವರು. ಇದು ಆದಿಯಿಂದಲೂ ನಡೆದುಬಂದ ವಾಡಿಕೆಯೆಂದು ನಾವು ನೆನಸಬಹುದು, ಆದರೆ ಹಾಗಲ್ಲ. ಸುಮಾರು ೧೬೦ ವರುಷಗಳ ಹಿಂದೆ ಯೂರೋಪಿನ ದೊಡ್ಡ ಪಟ್ಟಣಗಳ ಆಸ್ಪತ್ರೆಗಳಲ್ಲಿಯೂ ಈ ಸಂಗತಿ ತಿಳಿಯದಿದ್ದದರಿಂದ, ಶಸ್ತ್ರಕ್ಕೆ ಉಳಿದವರು ನಂಜಿಗೆ ಸಾಯುತ್ತಿದ್ದರು. ಈ ಕೇಡನ್ನು ನೀಗಿಸುವದಕ್ಕೆ ತನ್ನ ಆಯುಸ್ಸನ್ನೆಲ್ಲಾ ಸವೆಸಿದ ಒಬ್ಬನ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ತಿಳಿಸುತ್ತೇವೆ.

ಜೋಸೆಫ್ ಲಿಸ್ಟರನು ೧೮೨೭ನೆಯ ಇಸವಿ ಎಪ್ರಿಲ್ ತಿಂಗಳ ೫ನೆಯ ದಿವಸದಲ್ಲಿ ಇಂಗ್ಲೆಂಡ್ ದೇಶದ ಎಸೆಕ್ಸ್ ಸೀಮೆಗೆ ಸೇರಿದ ಅಪ್ಟನ್ ಎಂಬಲ್ಲಿ ಹುಟ್ಟಿದನು. ಅವನ ತಂದೆತಾಯಿಗಳು ಕ್ವೇಕರರೆಂಬ ಪಂಗಡದವರು. ಆಡಂಬರವಿಲ್ಲದ ಉಡಿಗೆ, ಮಿತವಾದ ಮಾತು, ನೆಟ್ಟಗಿನ ನಡತೆ, ಇವುಗಳಿಗೆ ಆ ಪಂಗಡದವರು ಹೆಸರಾದವರು. ತಂದೆಯು ದ್ರಾಕ್ಷಾರಸದ ವ್ಯಾಪಾರಿಯಾಗಿದ್ದರೂ, ಬಿಡುವಿನ ಹೊತ್ತನ್ನೆಲ್ಲಾ ಸೂಕ್ಷ್ಮದರ್ಶಕ ಯಂತ್ರವನ್ನು ಸುಧಾರಿಸುವದರಲ್ಲಿ ಕಳೆಯುತ್ತಿದ್ದನು. ಆ ಕಾಲದ ಯಂತ್ರಗಳಲ್ಲಿ ವಸ್ತುಗಳ ಅಂಚುಗಳು ಬಣ್ಣಬಣ್ಣವಾಗಿ ಮಸುಕಾಗಿ ಕಾಣುತ್ತಿದ್ದವು. ಗಾಜುಗಳನ್ನು ಹೇಗೆ ಜೋಡಿಸಿದರೆ ಆ ದೋಷವು ತೀರುವದೆಂಬದನ್ನು ಅವನು ೧೮೩೦ರಲ್ಲಿ ಪ್ರಕಟಿಸಿ, ಪಂಡಿತರಲ್ಲಿ ಮಾನವನ್ನು ಹೊಂದಿದನು. ಹೀಗೆ ಕಣ್ಣಿಗೆ ಕಾಣದ ಅಲ್ಪವಾದವುಗಳನ್ನು ತಾಳ್ಮೆಯಿಂದ ನೋಡುವ ಅಭ್ಯಾಸವನ್ನು ಹುಡುಗನು ಮನೆಯಲ್ಲಿಯೇ ಕಲಿತನು. ಅದು ಮುಂದೆ ಲಕ್ಷಾಂತರ ಜನರ ಪ್ರಾಣಕ್ಕೆ ಆಧಾರವಾಗುವದೆಂದು ಆಗ ಯಾರು ಬಲ್ಲರು?

ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿದ್ಯಾಪೀಠಗಳು ಆಗ ಇಂಗ್ಲೆಂಡಿನ ರಾಜ್ಯಸಭೆಯ ನಂಬಿಕೆಯನ್ನು ಒಪ್ಪದವರಿಗೆ ಪದವಿಯನ್ನು ಕೊಡುತ್ತಿರಲಿಲ್ಲ. ಆದಕಾರಣ ಲಿಸ್ಟರನು ಅಂಥಾ ನಿರ್ಬಂಧವಿಲ್ಲದ ಲಂಡನಿನ ಯೂನಿವರ್ಸಿಟಿ ಕಾಲೇಜನ್ನು ಸೇರಿದನು. ನಡುವೆ ಸಿಡುಬು ತಗಲಿ, ಅದು ಗುಣವಾದ ಮೇಲೂ ಮನಸ್ಸು ಕುಂದಿ, ಓದನ್ನು ಕೆಲವು ಕಾಲ ಬಿಡಬೇಕಾಯಿತು. ಚೇತರಿಸಿಕೊಂಡು ತಿರಿಗಿ ಬಂದು ೧೮೫೨ರಲ್ಲಿ ವೈದ್ಯಪದವಿಯನ್ನು ಪಡೆದನು.

ಅವನು ಕಲಿಯುತ್ತಿದ್ದ ಕಾಲದಲ್ಲಿಯೇ ಶಸ್ತ್ರವೈದ್ಯದಲ್ಲಿ ಒಂದು ದೊಡ್ಡ ಬದಲಾವಣೆಯಾಯಿತು. ೧೮೪೬ರಲ್ಲಿ ಅಮೇರಿಕದ ಬಾಸ್ಟನಿನಲ್ಲಿ ಈಥರನ್ನೂ, ಮರುವರುಷ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಕ್ಲೋರೋಫಾರಮನ್ನೂ ಮೂಸಿಸಿ, ರೋಗಿಯನ್ನು ಮೈಮರೆಯಿಸುವ ಉಪಾಯವು ಪ್ರಸಿದ್ಧವಾಯಿತು. ಅದಕ್ಕೆ ಮುಂಚೆ ರೋಗಿಯನ್ನು ನಾಲ್ಕು ಮಂದಿ ಹಿಡುಕೊಂಡು, ಅವನು ಕೂಗುತ್ತಿರುವಾಗಲೇ ಕೊಯ್ಯಬೇಕಿತ್ತು. ಈಗ ನೋವು ತೀರಿತು. ಆದರೆ ಸಾವು ತೀರಲಿಲ್ಲ. ವೈದ್ಯರು ಮೊದಲಿಗಿಂತ ಹೆಚ್ಚು ಧೈರ್ಯದಿಂದ ಹೆಚ್ಚು ಜನರನ್ನು ಕೊಯ್ದರು. ಕೊಯ್ದ ಗಾಯಗಳು ಮೂರುನಾಲ್ಕು ದಿವಸಗಳಲ್ಲಿ ಬಾತು, ನಾರಿ, ಕೀವುಗಟ್ಟಿ, ಜ್ವರವೇರಿ, ಅನೇಕರು ಸತ್ತರು. ವೈದ್ಯನು ರಕ್ತದ ಕಲೆಗಳಿಂದ ಗಡುಸಾದ ಹಳೇ ಅಂಗಿಯನ್ನು ತೊಟ್ಟು, ತೊಳೆಯದ ಕೈಯಿಂದ ಒಬ್ಬನ ಗಾಯವನ್ನು ಪರೀಕ್ಷಿಸಿ, ಅದೇ ಕೈಯನ್ನು ಮತ್ತೊಬ್ಬನ ಗಾಯದಲ್ಲಿ ಇಡುವನು. ಒಂದೇ ಬೋಗುಣಿಯ ನೀರೂ ಒಂದೇ ಸ್ಪಂಜೂ ಹಾಸಿಗೆಯಿಂದ ಹಾಸಿಗೆಗೆ ಹೋಗುವವು. ಹೀಗಿದ್ದರೂ, ನಂಜು ಕೆಟ್ಟ ಗಾಳಿಯಿಂದ ತಾನಾಗಿಯೇ ಹುಟ್ಟುವದೆಂದು ಬಹುಮಂದಿ ನಂಬಿದ್ದರು.

೧೮೫೩ರಲ್ಲಿ ಲಿಸ್ಟರನು ಎಡಿನ್‌ಬರೋಕ್ಕೆ ಹೋಗಿ, ಜೇಮ್ಸ್ ಸೈಮ್ ಎಂಬ ಪ್ರಸಿದ್ಧ ಶಸ್ತ್ರವೈದ್ಯನ ಕೈಕೆಳಗೆ ದುಡಿದನು. ೧೮೫೬ರಲ್ಲಿ ಸೈಮನ ಮಗಳಾದ ಆಗ್ನೆಸಳನ್ನು ಮದುವೆಯಾದನು. ಅವಳು ಕ್ವೇಕರ್ ಪಂಗಡದವಳಲ್ಲವಾದ ಕಾರಣ ಲಿಸ್ಟರನು ತನ್ನ ಪಂಗಡವನ್ನು ಬಿಟ್ಟು ಸ್ಕಾಟ್ಲೆಂಡಿನ ಎಪಿಸ್ಕೋಪಲ್ ಸಭೆಯನ್ನು ಸೇರಿದನು. ಆದರೆ ಬಾಲ್ಯದಲ್ಲಿ ಕಲಿತ ಸರಳತೆಯನ್ನು ಬಿಡಲಿಲ್ಲ. ಅವರಿಗೆ ಮಕ್ಕಳಾಗಲಿಲ್ಲ. ಆಗ್ನೆಸಳು ಅವನ ಮನೆಯನ್ನು ನೋಡಿಕೊಂಡದ್ದಲ್ಲದೆ, ಅವನ ಶೋಧನೆಗಳಲ್ಲಿ ಜೊತೆಗೂಡಿ, ಅವನು ಹೇಳಿದ್ದನ್ನೆಲ್ಲಾ ಪುಸ್ತಕಗಳಲ್ಲಿ ಬರೆದು ಇಟ್ಟಳು.

೧೮೬೦ರಲ್ಲಿ ಅವನು ಗ್ಲಾಸ್ಗೋ ವಿದ್ಯಾಪೀಠದಲ್ಲಿ ಶಸ್ತ್ರವೈದ್ಯದ ಅಧ್ಯಾಪಕನಾಗಿ ನೇಮಕ ಹೊಂದಿ, ಮರುವರುಷ ಅಲ್ಲಿಯ ರಾಯಲ್ ಇನ್‌ಫರ್ಮರಿ ಎಂಬ ಆಸ್ಪತ್ರೆಯ ಕೆಲಸವನ್ನೂ ವಹಿಸಿಕೊಂಡನು. ಆ ಊರು ಕಾರ್ಖಾನೆಗಳಿಂದ ತುಂಬಿದ್ದು. ಯಂತ್ರಕ್ಕೂ ಬಂಡಿಗೂ ಸಿಕ್ಕಿ ಕೈಕಾಲು ಮುರುಕೊಂಡವರು ನಿತ್ಯವೂ ಬರುತ್ತಿದ್ದರು. ಎಲುಬು ಮುರಿದು ಚರ್ಮವು ಹರಿಯದೆ ಇದ್ದರೆ ರೋಗಿಯು ಬಹುಮಟ್ಟಿಗೆ ಬದುಕುವನು. ಚರ್ಮವು ಹರಿದು ಗಾಯವು ತೆರೆದರೆ ನಂಜೇರುವದು. ಆದದರಿಂದ ಅಂಥವರ ಕಾಲನ್ನು ಕತ್ತರಿಸಿಬಿಡುವದೇ ಪದ್ಧತಿಯಾಗಿತ್ತು. ಕತ್ತರಿಸಿದರೂ ಲಿಸ್ಟರನ ವಾರ್ಡಿನಲ್ಲಿ ೧೮೬೧ರಿಂದ ೧೮೬೫ರ ವರೆಗೆ ನೂರರಲ್ಲಿ ೪೫ರಿಂದ ೫೦ ಮಂದಿ ಸತ್ತರು. ಇದನ್ನು ಅವನು ವಿಧಿಯೆಂದು ಎಣಿಸಿ ಸುಮ್ಮನಿರಲಾರದೆ ಹೋದನು. ಚರ್ಮ ಹರಿಯದವನಿಗೆ ಬಾರದ ನಂಜು ಚರ್ಮ ಹರಿದವನಿಗೆ ಯಾಕೆ ಬರುತ್ತದೆ? ಹೊರಗಿನಿಂದ ಏನೋ ಒಳಗೆ ಹೋಗುತ್ತಿರಬೇಕಷ್ಟೆ. ಅದು ಬರಿಯ ಗಾಳಿಯೋ, ಗಾಳಿಯಲ್ಲಿರುವ ಬೇರೊಂದೋ ಎಂಬ ವಿಚಾರವು ಅವನನ್ನು ಬಿಡಲಿಲ್ಲ.

ಅದಕ್ಕೆ ಉತ್ತರವು ವೈದ್ಯರಿಂದ ಬರಲಿಲ್ಲ, ರಸಾಯನಶಾಸ್ತ್ರಜ್ಞರಿಂದ ಬಂತು. ೧೮೬೫ರಲ್ಲಿ ಅದೇ ವಿದ್ಯಾಪೀಠದ ರಸಾಯನಶಾಸ್ತ್ರದ ಅಧ್ಯಾಪಕನಾದ ಥಾಮಸ್ ಆಂಡರ್ಸನನು, ಫ್ರಾನ್ಸ್ ದೇಶದ ಲೂಯಿ ಪಾಶ್ಚರನ ಬರಹಗಳನ್ನು ಲಿಸ್ಟರನಿಗೆ ತಿಳಿಸಿದನು. ಹಾಲು ಹುಳಿಯಾಗುವದೂ ದ್ರಾಕ್ಷಾರಸವು ಕೆಡುವದೂ ಮಾಂಸವು ಕೊಳೆಯುವದೂ ತಾನಾಗಿ ಆಗುವದಲ್ಲ. ಗಾಳಿಯ ಧೂಳಿನಲ್ಲಿಯೂ ಇತರ ವಸ್ತುಗಳ ಮೇಲೆಯೂ ಇರುವ ಕಣ್ಣಿಗೆ ಕಾಣದ ಜೀವಿಗಳು ಒಳಗೆ ಬಿದ್ದು ವೃದ್ಧಿಯಾಗುವದರಿಂದ ಆಗುವದೆಂದು ಪಾಶ್ಚರನು ತೋರಿಸಿದ್ದನು. ಕಾಯಿಸಿದ ಸಾರನ್ನು ಧೂಳು ಸೇರದಂತೆ ಬಾಗಿದ ಕೊರಳಿನ ಬುದ್ದಲಿಯಲ್ಲಿ ಇಟ್ಟರೆ, ಗಾಳಿಯು ಆಡಿದರೂ ಅದು ಕೆಡದು. ಲಿಸ್ಟರನು ಮುಂದೆ ತಾನೇ ಈ ಪರೀಕ್ಷೆಯನ್ನು ಮೂತ್ರದಿಂದ ಮಾಡಿ ನೋಡಿ ನಿಜವೆಂದು ಕಂಡನು. ೧೮೬೯ರಲ್ಲಿ ಗ್ಲಾಸ್ಗೋದಿಂದ ಎಡಿನ್‌ಬರೋಕ್ಕೆ ಹೋಗುವಾಗ ಆ ಬುದ್ದಲಿಗಳನ್ನು ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಒಯ್ದನಂತೆ.

ಗಾಯವು ಕೊಳೆಯುವದೂ ಹೀಗೆಯೇ ಆಗಿದ್ದರೆ, ಆ ಜೀವಿಗಳು ಗಾಯವನ್ನು ಸೇರದಂತೆ ಮಾಡಬೇಕು, ಸೇರಿದವುಗಳನ್ನು ಕೊಲ್ಲಬೇಕು. ಸಾರನ್ನು ಕುದಿಸಬಹುದು, ಮನುಷ್ಯನನ್ನು ಕುದಿಸುವದಕ್ಕಾಗದು. ಆದಕಾರಣ ಔಷಧವೊಂದು ಬೇಕಾಯಿತು. ಕಲ್ಲಿದ್ದಲಿನ ಡಾಂಬರಿನಿಂದ ೧೮೩೪ರಲ್ಲಿ ಜರ್ಮನಿಯ ರುಂಗೆ ಎಂಬ ರಸಾಯನಶಾಸ್ತ್ರಜ್ಞನು ಬೇರ್ಪಡಿಸಿದ್ದ ಕಾರ್ಬೋಲಿಕ್ ಆಮ್ಲವು ಆಗ ಹೆಚ್ಚು ಪ್ರಯೋಜನಕ್ಕೆ ಬಾರದೆ ಇತ್ತು. ಕಾರ್ಲೈಲ್ ಎಂಬ ಪಟ್ಟಣದಲ್ಲಿ ಚರಂಡಿಯ ನೀರಿನ ನಾತವನ್ನು ಹೋಗಲಾಡಿಸುವದಕ್ಕೆ ಅದನ್ನು ಸುರಿಯುತ್ತಿದ್ದರು. ಆ ನೀರು ಹರಿದ ಹುಲ್ಲುಗಾವಲಲ್ಲಿ ಮೇಯುವ ದನಗಳಿಗೆ ಹುಳುಗಳಿಂದಾಗುತ್ತಿದ್ದ ರೋಗವೂ ನಿಂತುಹೋಯಿತೆಂಬ ವರ್ತಮಾನವನ್ನು ಲಿಸ್ಟರನು ಕೇಳಿದನು. ಚರಂಡಿಯ ಮದ್ದನ್ನು ಮನುಷ್ಯನ ಗಾಯಕ್ಕೆ ಹಾಕಿ ನೋಡಬೇಕೆಂಬ ಯೋಚನೆಯು ಅವನಿಗೆ ಹೀಗೆ ಹುಟ್ಟಿತು.

೧೮೬೫ನೆಯ ಮಾರ್ಚ್ ತಿಂಗಳಲ್ಲಿ ಮಾಡಿದ ಮೊದಲನೆಯ ಪ್ರಯತ್ನವು ವ್ಯರ್ಥವಾಯಿತು. ಅದೇ ವರುಷದ ಆಗಸ್ಟ್ ೧೨ರಲ್ಲಿ ೧೧ ವರುಷದ ಬಡ ಹುಡುಗನೊಬ್ಬನನ್ನು ಆಸ್ಪತ್ರೆಗೆ ತಂದರು. ಬಂಡಿಯ ಚಕ್ರವು ಅವನ ಎಡಗಾಲಿನ ಮೇಲೆ ಹರಿದು, ಎಲುಬು ಮುರಿದು, ಗಾಯವು ತೆರೆದಿತ್ತು. ಕಾಲನ್ನು ಕತ್ತರಿಸಿದರೆ ಹುಡುಗನು ಬದುಕುವನೋ ಇಲ್ಲವೋ ತಿಳಿಯದು; ಬದುಕಿದರೂ ದುಡಿದು ಉಣ್ಣಬೇಕಾದವನು ಹೆಳವನಾಗುವನು. ಕತ್ತರಿಸದೆ ಬಿಟ್ಟು ನಂಜೇರಿದರೆ ಅವನ ಮರಣಕ್ಕೆ ವೈದ್ಯನೇ ಉತ್ತರಕೊಡಬೇಕು. ಲಿಸ್ಟರನು ಕತ್ತರಿಸದೆ, ಗಾಯದ ಮೇಲೆ ಕಾರ್ಬೋಲಿಕ್ ಆಮ್ಲದಲ್ಲಿ ತೋಯಿಸಿದ ಬಟ್ಟೆಯನ್ನು ಇಟ್ಟು, ಅದು ಆರದಂತೆ ತವರದ ತಗಡನ್ನು ಮುಚ್ಚಿ, ಕಾಲಿಗೆ ದಬ್ಬೆಗಳನ್ನು ಕಟ್ಟಿಸಿದನು. ನಾಲ್ಕು ದಿವಸಗಳ ಮೇಲೆ ಬಿಚ್ಚಿ ನೋಡಿದರೆ ಕೀವೂ ಇಲ್ಲ, ನಾತವೂ ಇಲ್ಲ. ಆದರೆ ಆಮ್ಲದ ಉರಿಯಿಂದ ಸುತ್ತಲಿನ ಚರ್ಮವು ಕೆಂಪಾಗಿತ್ತು. ಅದಕ್ಕೆ ಅವನು ಆಮ್ಲವನ್ನು ನೀರಿನಲ್ಲಿಯೂ ಆಮೇಲೆ ಎಣ್ಣೆಯಲ್ಲಿಯೂ ಕಲಸಿ ಸೌಮ್ಯಮಾಡಿ ಹಚ್ಚಿದನು. ಆರು ವಾರಗಳಲ್ಲಿ ಎಲುಬು ಕೂಡಿತು. ಹುಡುಗನು ತನ್ನ ಎರಡು ಕಾಲುಗಳಿಂದ ನಡೆದು ಮನೆಗೆ ಹೋದನು.

ಒಬ್ಬನು ಗುಣವಾದನೆಂದು ಲಿಸ್ಟರನು ಊರೆಲ್ಲಾ ಸಾರಲಿಲ್ಲ. ಇನ್ನೂ ಹತ್ತು ಮಂದಿಗೆ ಹೀಗೆಯೇ ಮಾಡಿ, ೧೮೬೭ರಲ್ಲಿ ಲಂಡನಿನ ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದನು. ೧೧ ಮಂದಿಯಲ್ಲಿ ೯ ಮಂದಿ ಕೈಕಾಲುಗಳೊಡನೆ ಗುಣವಾದರು. ಒಬ್ಬನ ಕಾಲನ್ನು ಕತ್ತರಿಸಬೇಕಾಯಿತು. ಒಬ್ಬನು ರಕ್ತಸ್ರಾವದಿಂದ ಸತ್ತನು. ಗುಣವಾದವರ ಸಂಗಡ ಗುಣವಾಗದವರನ್ನೂ ಅವನು ಮರೆಮಾಡದೆ ಬರೆದನು. ಅದೇ ವರುಷ ಅವನ ಸಹೋದರಿಯ ಎದೆಯಲ್ಲಿ ಕೆಟ್ಟ ಗೆಡ್ಡೆಯು ಬೆಳೆಯಿತು. ಶಸ್ತ್ರದಿಂದ ತೆಗೆದರೆ ನಂಜಿನ ಭಯ, ತೆಗೆಯದಿದ್ದರೆ ಮರಣವು ನಿಶ್ಚಯ. ಆದದರಿಂದ ಹೆಸರುಗೊಂಡ ವೈದ್ಯರು ಹಿಂದೆಗೆದರು. ಲಿಸ್ಟರನು ಬಹಳ ದುಃಖದಿಂದ ತಾನೇ ಆ ಕೆಲಸಕ್ಕೆ ಕೈಹಾಕಿ, ಜೂನ್ ತಿಂಗಳಲ್ಲಿ ತನ್ನ ಮನೆಯ ಊಟದ ಮೇಜಿನ ಮೇಲೆ ಅವಳ ಗೆಡ್ಡೆಯನ್ನು ತೆಗೆದನು. ಗಾಯವು ನಂಜೇರದೆ ಮಾಯಿತು. ಮೂಲರೋಗವು ಕಡೆಗೆ ತಿರಿಗಿ ಬಂದರೂ, ಅವಳು ಇನ್ನು ಮೂರು ವರುಷ ತನ್ನವರ ಸಂಗಡ ಬಾಳಿದಳು.

ಔಷಧವು ಕ್ರಿಮಿಗಳನ್ನು ಕೊಲ್ಲುವಷ್ಟು ಬಲವಾಗಿರಬೇಕು, ಮನುಷ್ಯನ ಮಾಂಸವನ್ನು ಕೊಲ್ಲುವಷ್ಟು ಬಲವಾಗಿರಬಾರದು. ಇಂದಿಗೂ ಔಷಧಗಳನ್ನು ಮಾಡುವ ರಸಾಯನಶಾಸ್ತ್ರಜ್ಞರ ಕಷ್ಟವೆಲ್ಲಾ ಇದರಲ್ಲಿಯೇ ಅಡಗಿದೆ. ಲಿಸ್ಟರನು ಈ ಅಳತೆಯನ್ನು ಹುಡುಕುತ್ತಾ ವರುಷಗಟ್ಟಳೆ ಶ್ರಮಪಟ್ಟನು. ಆಮ್ಲವನ್ನು ಅಗಸೆ ಎಣ್ಣೆಯೊಂದಿಗೆ ಸೀಮೆಸುಣ್ಣದ ಪುಡಿಯಲ್ಲಿ ಕಲಸಿ ಲೇಪಮಾಡಿದನು. ೨೦ ಪಾಲಿಗೆ ಒಂದು, ೪೦ ಪಾಲಿಗೆ ಒಂದು ಎಂದು ನೀರಿನಲ್ಲಿ ಕರಗಿಸಿ, ಕೈಗಳನ್ನೂ ಆಯುಧಗಳನ್ನೂ ಅದರಲ್ಲಿ ತೊಳೆಯಿಸಿದನು. ರಕ್ತನಾಳಗಳನ್ನು ಕಟ್ಟುವ ರೇಶ್ಮೆಯ ನೂಲು ಗಾಯದೊಳಗೆ ಉಳಿದು ಕೀವಿಗೆ ಕಾರಣವಾಗುವದನ್ನು ಕಂಡು, ಕುರಿಯ ಕರುಳಿನಿಂದ ಮಾಡಿದ ನೂಲನ್ನು ಆಮ್ಲದಲ್ಲಿ ನೆನಸಿ ಉಪಯೋಗಿಸಿದನು. ಅದು ಕೆಲಸ ತೀರಿದ ಮೇಲೆ ಶರೀರದಲ್ಲಿಯೇ ಕರಗಿಹೋಗುವದು. ಈ ಪದ್ಧತಿಗೆ ಮುಂಚೆ ಅವನು ಕೈಕಾಲು ಕತ್ತರಿಸಿದ ೩೫ ಮಂದಿಯಲ್ಲಿ ೧೬ ಮಂದಿ ಸತ್ತಿದ್ದರು. ಪದ್ಧತಿಯು ನಡೆಯುವದಕ್ಕೆ ತೊಡಗಿದ ಮೂರು ವರುಷಗಳಲ್ಲಿ ೪೦ ಮಂದಿಯಲ್ಲಿ ೬ ಮಂದಿ ಮಾತ್ರವೇ ಸತ್ತರು.

ಹೀಗಿದ್ದರೂ ಸ್ವದೇಶದ ವೈದ್ಯರಲ್ಲಿ ಅನೇಕರು ಒಪ್ಪಲಿಲ್ಲ. ಕಾಣದ ಜೀವಿಗಳು ಬಲವಂತನಾದ ಮನುಷ್ಯನನ್ನು ಕೊಲ್ಲುವವೆಂಬದು ಅವರಿಗೆ ನಗೆಗೀಡಾಯಿತು. ತಮ್ಮ ಕೈಗಳೇ ರೋಗಿಗಳಿಗೆ ಮರಣವನ್ನು ತಂದವೆಂದು ಒಪ್ಪುವದು ಯಾರಿಗೂ ಸುಲಭವಲ್ಲ. ೧೮೪೭ರಲ್ಲಿಯೇ ವಿಯೆನ್ನಾ ಪಟ್ಟಣದ ಹೆರಿಗೆಯ ಆಸ್ಪತ್ರೆಯಲ್ಲಿ ಸೆಮ್ಮೆಲ್ವೈಸ್ ಎಂಬ ವೈದ್ಯನು, ಕೈಗಳನ್ನು ಕ್ಲೋರಿನ್ ಸುಣ್ಣದ ನೀರಿನಲ್ಲಿ ತೊಳೆಯುವದರಿಂದ ಬಾಣಂತಿಯರ ಮರಣವನ್ನು ಬಹಳವಾಗಿ ತಗ್ಗಿಸಿದ್ದನು; ಅವನ ಮಾತನ್ನೂ ಬಹುಮಂದಿ ತಳ್ಳಿಬಿಟ್ಟಿದ್ದರು. ಲಿಸ್ಟರನು ವಿರೋಧಿಗಳನ್ನು ಬೈಯದೆ, ತನ್ನ ವಾರ್ಡುಗಳನ್ನು ಬಂದು ನೋಡುವಂತೆ ಎಲ್ಲರಿಗೂ ಬಾಗಿಲು ತೆರೆದಿಟ್ಟನು. ಜರ್ಮನಿಯ ವೈದ್ಯರು ಬಂದು ನೋಡಿ ಮೊದಲು ಅನುಸರಿಸಿದರು. ಹಾಲೆ ಪಟ್ಟಣದಲ್ಲಿ ಫೋಲ್ಕ್‌ಮನ್ ಎಂಬವನು ಈ ಪದ್ಧತಿಯನ್ನು ಹಿಡಿದು ತನ್ನ ಆಸ್ಪತ್ರೆಯ ನಂಜನ್ನು ಅಡಗಿಸಿದನು. ೧೮೭೧ರಲ್ಲಿ ವಿಕ್ಟೋರಿಯ ರಾಣಿಯ ಕಂಕುಳಲ್ಲಿ ಎದ್ದ ಕುರುವನ್ನು ಕೊಯ್ಯುವದಕ್ಕೆ ಲಿಸ್ಟರನನ್ನೇ ಕರಿಸಿದರು. ೧೮೭೭ರಲ್ಲಿ ಲಂಡನಿನ ಕಿಂಗ್ಸ್ ಕಾಲೇಜಿಗೆ ಬಂದಾಗ, ಎಡಿನ್‌ಬರೋದಲ್ಲಿ ನೂರಾರು ಶಿಷ್ಯರಿಗೆ ಕಲಿಸಿದವನ ಮುಂದೆ ಕೆಲವರೇ ಕೂತರು. ಅದೇ ವರುಷ ಅವನು ಮುರಿದ ಮೊಣಕಾಲ ಚಿಪ್ಪನ್ನು ಕೊಯ್ದು ಬೆಳ್ಳಿಯ ತಂತಿಯಿಂದ ಕೂಡಿಸಿ ನಂಜಿಲ್ಲದೆ ಗುಣಪಡಿಸಿದ ಮೇಲೆ ಜನರು ನಂಬುವದಕ್ಕೆ ತೊಡಗಿದರು.

ರೋಗಿಗಳ ವಿಷಯದಲ್ಲಿ ಅವನ ನಡತೆಯು ಹೇಗಿತ್ತೆಂಬದನ್ನೂ ಹೇಳಬೇಕು. ವೈದ್ಯನು ತಾನೇ ಆ ಹಾಸಿಗೆಯಲ್ಲಿ ಮಲಗಿದ್ದರೆ ತನಗೆ ಏನಾಗಬೇಕೆಂದು ಇಷ್ಟಪಡುವನೋ ಅದನ್ನೇ ರೋಗಿಗೆ ಮಾಡಬೇಕೆಂದು ಅವನು ಶಿಷ್ಯರಿಗೆ ಕಲಿಸುತ್ತಿದ್ದನು. ರಾಣಿಗೆ ಕೊಟ್ಟ ಜಾಗ್ರತೆಯನ್ನೇ ಕೂಲಿಯವನಿಗೂ ಕೊಟ್ಟನು. ಮೊಣಕಾಲಿನ ಹುಣ್ಣಿನಿಂದ ಬಳಲುತ್ತಿದ್ದ ಚಿಕ್ಕ ಹುಡುಗಿಯೊಬ್ಬಳು, ಕಟ್ಟು ಕಟ್ಟಿ ತೀರಿದ ಮೇಲೆ, ಕಾಲು ಕಳಚಿದ ತನ್ನ ಬೊಂಬೆಯನ್ನು ಅವನಿಗೆ ತೋರಿಸಿದಳಂತೆ. ಆ ದೊಡ್ಡ ವೈದ್ಯನು ಸೂಜಿನೂಲನ್ನು ತರಿಸಿ, ಬೊಂಬೆಯ ಕಾಲನ್ನು ಮೆಲ್ಲನೆ ಹೊಲಿದು ಕೊಟ್ಟನೆಂದು ಅವನ ಶಿಷ್ಯರು ಹೇಳುತ್ತಿದ್ದರು.

ಆದರೆ ವೈದ್ಯನೊಬ್ಬನ ಕೈ ಶುದ್ಧವಾಗಿದ್ದರೆ ಸಾಲದು. ಕಟ್ಟುಗಳನ್ನು ಬದಲಾಯಿಸುವವಳೂ ಬಟ್ಟೆಗಳನ್ನು ಒದಗಿಸುವವಳೂ ಹಗಲುರಾತ್ರಿ ರೋಗಿಯ ಬಳಿಯಲ್ಲಿರುವವಳೂ ದಾದಿಯೇ. ಅವಳು ಅಪ್ಪಣೆಯನ್ನು ಕೇಳಿದರೆ ಸಾಲದು, ಅದರ ಕಾರಣವನ್ನೂ ಅರಿತಿರಬೇಕು. ಕಾರಣವನ್ನು ಅರಿಯದವಳು ಯಾರೂ ನೋಡದಿರುವಾಗ ನೆಲಕ್ಕೆ ಬಿದ್ದ ಬಟ್ಟೆಯನ್ನು ಎತ್ತಿ ಗಾಯಕ್ಕೆ ಇಟ್ಟಾಳು. ಫ್ಲಾರೆನ್ಸ್ ನೈಟಿಂಗೇಲಳು ೧೮೬೦ರಲ್ಲಿ ಲಂಡನಿನ ಸೈಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆಯನ್ನು ಸ್ಥಾಪಿಸಿದ್ದಳು. ಅಲ್ಲಿ ಕಲಿತ ರೆಬೆಕ್ಕ ಸ್ಟ್ರಾಂಗ್ ಎಂಬವಳು, ಲಿಸ್ಟರನು ದುಡಿದಿದ್ದ ಅದೇ ಗ್ಲಾಸ್ಗೋ ಆಸ್ಪತ್ರೆಯಲ್ಲಿ ಮುಖ್ಯ ದಾದಿಯಾದಳು. ಅವಳೂ ಲಿಸ್ಟರನ ಶಿಷ್ಯನಾದ ವಿಲಿಯಂ ಮಕ್ಯೂಯನನೂ ಕೂಡಿ ೧೮೯೩ರಲ್ಲಿ ಒಂದು ಹೊಸ ಕ್ರಮವನ್ನು ತೊಡಗಿದರು. ಹೇಗಂದರೆ, ದಾದಿಯಾಗಬೇಕೆಂದು ಬಂದವರು ವಾರ್ಡಿನಲ್ಲಿ ಕಾಲಿಡುವದಕ್ಕೆ ಮುಂಚೆಯೇ ಶರೀರದ ರಚನೆಯನ್ನೂ ಅದರ ಕೆಲಸಗಳನ್ನೂ ಆರೋಗ್ಯಶಾಸ್ತ್ರವನ್ನೂ ಪಾಠಗಳಿಂದ ಕಲಿಯಬೇಕು. ಈ ಕ್ರಮವು ಮುಂದೆ ಬೇರೆ ದೇಶಗಳಿಗೂ ಹಬ್ಬಿತು. ಇಲ್ಲಿ ಒಂದು ಮಾತನ್ನು ಮರೆಮಾಡಬಾರದು: ಸ್ತ್ರೀಯರು ವೈದ್ಯವಿದ್ಯೆಯನ್ನು ಕಲಿಯುವದಕ್ಕೆ ಲಿಸ್ಟರನು ವಿರೋಧಿಯಾಗಿದ್ದನು. ಕಾಣದ ಕ್ರಿಮಿಯನ್ನು ಕಂಡವನು ಕಣ್ಣೆದುರಿಗಿದ್ದ ಈ ಯೋಗ್ಯತೆಯನ್ನು ಕಾಣದೆಹೋದನು. ಆದರೂ ಅವನ ಪದ್ಧತಿಯು ನಿತ್ಯವೂ ನಡೆದದ್ದು ಬಹುಮಟ್ಟಿಗೆ ಸ್ತ್ರೀಯರ ಕೈಗಳಿಂದಲೇ.

ತನ್ನ ಕ್ರಮದಲ್ಲಿ ತಪ್ಪು ತೋರಿದಾಗ ಅದನ್ನು ಬಿಡುವದಕ್ಕೆ ಅವನು ನಾಚಿಕೊಳ್ಳಲಿಲ್ಲ. ೧೮೭೧ರಿಂದ ಅವನು ಕೋಣೆಯ ಗಾಳಿಯಲ್ಲಿ ಆಮ್ಲವನ್ನು ತುಂತುರಾಗಿ ಎರಚುತ್ತಿದ್ದನು. ಅದು ವೈದ್ಯರ ಕಣ್ಣನ್ನೂ ಉಸಿರನ್ನೂ ಬಾಧಿಸುತ್ತಿತ್ತು. ಗಾಳಿಯ ಧೂಳಿಗಿಂತ ಕೈಯೂ ಆಯುಧವೂ ಬಟ್ಟೆಯೂ ಹೆಚ್ಚು ಅಪಾಯಕರವೆಂದು ತಿಳಿದ ಮೇಲೆ ಅದನ್ನು ನಿಲ್ಲಿಸಿ, ೧೮೯೦ರಲ್ಲಿ ಬರ್ಲಿನಿನ ಮಹಾಸಭೆಯಲ್ಲಿ ಅದನ್ನು ಎಲ್ಲರ ಮುಂದೆ ಒಪ್ಪಿಕೊಂಡನು. ಅಷ್ಟರಲ್ಲಿ ಜರ್ಮನಿಯ ವೈದ್ಯರು ಆಯುಧಗಳನ್ನೂ ಬಟ್ಟೆಗಳನ್ನೂ ಕುದಿಯುವ ನೀರಿನ ಹಬೆಯಿಂದ ಶುದ್ಧಮಾಡುವದನ್ನು ಕಂಡುಹಿಡಿದಿದ್ದರು. ಅಮೇರಿಕದ ಬಾಲ್ಟಿಮೋರಿನಲ್ಲಿ ದಾದಿಯೊಬ್ಬಳ ಕೈಗಳು ಕಟುವಾದ ಔಷಧಗಳಿಂದ ಸುಲಿದುಹೋಗಲಾಗಿ, ಹಾಲ್‌ಸ್ಟೆಡ್ ಎಂಬ ವೈದ್ಯನು ಅವಳಿಗಾಗಿ ರಬ್ಬರಿನ ಕೈಚೀಲಗಳನ್ನು ಮಾಡಿಸಿದನು. ದಾದಿಯ ಕೈಯನ್ನು ಕಾಯುವದಕ್ಕೆ ಬಂದ ಆ ವಸ್ತುವೇ ಕಡೆಗೆ ರೋಗಿಯನ್ನೂ ಕಾಯಿತು.

೧೮೯೨ರಲ್ಲಿ ಪಾಶ್ಚರನ ೭೦ನೆಯ ಜನ್ಮದಿನದ ಉತ್ಸವವು ಪ್ಯಾರಿಸಿನಲ್ಲಿ ನಡೆದಾಗ, ಲಿಸ್ಟರನು ಹೋಗಿ ತನ್ನ ಋಣವನ್ನು ಬಹಿರಂಗವಾಗಿ ಹೇಳಿದನು; ಮುದುಕನಾದ ಪಾಶ್ಚರನು ಎದ್ದು ಅವನನ್ನು ಅಪ್ಪಿಕೊಂಡನು. ಮರುವರುಷ ಇಟಲಿಯಲ್ಲಿ ಆಗ್ನೆಸಳು ತೀರಿಹೋದಳು. ಆ ಮೇಲೆ ಅವನು ಮೊದಲಿನ ಉತ್ಸಾಹವನ್ನು ಪಡೆಯಲಿಲ್ಲ. ೧೮೯೭ರಲ್ಲಿ ಅವನಿಗೆ ಲಾರ್ಡ್ ಪದವಿಯು ದೊರೆಯಿತು. ೧೯೦೨ರಲ್ಲಿ ಏಳನೆಯ ಎಡ್ವರ್ಡ್ ಅರಸನು ಪಟ್ಟಾಭಿಷೇಕದ ಮುಂಚೆ ಹೊಟ್ಟೆಯೊಳಗಿನ ಕುರುವಿನಿಂದ ಸಾಯುವ ಸ್ಥಿತಿಗೆ ಬಂದಾಗ, ವೈದ್ಯರು ಲಿಸ್ಟರನ ಆಲೋಚನೆಯನ್ನು ಕೇಳಿ ಶಸ್ತ್ರಮಾಡಿ ಅರಸನನ್ನು ಉಳಿಸಿದರು. ೧೯೧೨ನೆಯ ಫೆಬ್ರುವರಿ ೧೦ರಲ್ಲಿ ಲಿಸ್ಟರನು ವಾಲ್ಮರ್ ಎಂಬಲ್ಲಿ ತೀರಿಕೊಂಡನು. ದೇಶದ ದೊಡ್ಡವರನ್ನು ಹೂಣಿಡುವ ವೆಸ್ಟ್‌ಮಿನಿಸ್ಟರ್ ದೇವಾಲಯದಲ್ಲಿ ಉತ್ತರಕ್ರಿಯೆಯ ಆರಾಧನೆಯು ನಡೆಯಿತು. ಆದರೆ ಅವನ ಇಷ್ಟದ ಪ್ರಕಾರ ಹೆಂಡತಿಯ ಸಮಾಧಿಯ ಬಳಿಯಲ್ಲಿ ಹೂಣಿಟ್ಟರು.

ಈಗ ಗಾಯಗಳಿಗೆ ಕಾರ್ಬೋಲಿಕ್ ಆಮ್ಲವನ್ನು ಹಾಕುವದಿಲ್ಲ. ಅದಕ್ಕಿಂತ ಸೌಮ್ಯವಾದವುಗಳು ದೊರೆತಿವೆ. ೧೯೩೦ರ ದಶಕದಲ್ಲಿ ಸಲ್ಫಾ ಮದ್ದುಗಳೂ, ೧೯೪೦ರ ದಶಕದಲ್ಲಿ ಪೆನಿಸಿಲಿನೂ ಬಳಕೆಗೆ ಬಂದು, ಶರೀರದೊಳಗೆ ಹೊಕ್ಕ ಕ್ರಿಮಿಗಳನ್ನೂ ಕೊಲ್ಲುವದು ಸಾಧ್ಯವಾಯಿತು. ಆದರೆ ಆ ಮದ್ದುಗಳಿಗೂ ಜಗ್ಗದ ಕ್ರಿಮಿಗಳು ಈಗ ಹೆಚ್ಚುತ್ತಿರುವದರಿಂದ, ಕ್ರಿಮಿಯನ್ನು ಒಳಗೆ ಬಿಡದಿರುವದೇ ಮೇಲೆಂಬ ಲಿಸ್ಟರನ ಪಾಠವು ಹಳೆಯದಾಗಲಿಲ್ಲ.

ಪ್ರಿಯರೇ, ರಸಾಯನಶಾಸ್ತ್ರಜ್ಞನು ಮದ್ದನ್ನು ಕೊಟ್ಟನು, ವೈದ್ಯನು ಅದರ ಅಳತೆಯನ್ನು ಕಂಡನು, ದಾದಿಯು ಅದನ್ನು ನಿತ್ಯವೂ ನಡಿಸಿದಳು. ಈ ಮೂವರಲ್ಲಿ ಒಬ್ಬರ ಕೈ ಅಶುದ್ಧವಾದರೂ ಮಿಕ್ಕವರ ಶ್ರಮವು ನಿಷ್ಫಲವಾಗುವದು. ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವ ತಾಯಂದಿರೂ ಅಕ್ಕತಂಗಿಯರೂ ಅಣ್ಣತಮ್ಮಂದಿರೂ ಆ ಸಾಲಿಗೆ ಸೇರಿದವರೇ. ಗಾಯಕ್ಕೆ ಮಣ್ಣನ್ನಾಗಲಿ ಸಗಣಿಯನ್ನಾಗಲಿ ಹಚ್ಚಬೇಡಿರಿ. ಹುಟ್ಟಿದ ಕೂಸಿನ ಹೊಕ್ಕಳಬಳ್ಳಿಯನ್ನು ಅಶುದ್ಧವಾದ ಕತ್ತಿಯಿಂದ ಕೊಯ್ಯಗೊಡಬೇಡಿರಿ. ಆಳವಾದ ಗಾಯವನ್ನು ತಡಮಾಡದೆ ಆಸ್ಪತ್ರೆಯಲ್ಲಿ ತೋರಿಸಿರಿ. ರೋಗಿಯನ್ನು ಮುಟ್ಟುವ ಮುಂಚೆಯೂ ಮುಟ್ಟಿದ ಮೇಲೆಯೂ ಸಾಬೂನಿನಿಂದ ಕೈತೊಳೆಯಿರಿ. ಇದು ಅಲ್ಪವಾದ ಕೆಲಸ, ಯಾರೂ ನೋಡಿ ಹೊಗಳದ ಕೆಲಸ. ಆದರೆ ಇಂಥಾ ಅಲ್ಪವಾದದ್ದರಲ್ಲಿ ನಂಬಿಗಸ್ತರಾಗಿದ್ದವರಿಂದಲೇ ಆ ಹನ್ನೊಂದು ವರುಷದ ಹುಡುಗನು ತನ್ನ ಕಾಲುಗಳಿಂದ ನಡೆದು ಮನೆಗೆ ಹೋದನು.